ಊರ ಮುಂದಿನ ಕಲ್ಲು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆಯ ಹೊತ್ತು ಯಾರೂ ತಾವಾಗಿ ನಡೆಯಬೇಕಾದುದಿಲ್ಲ. ಜನರೇ ನಡೆಸಿಕೊಂಡು ಹೋಗುತ್ತಾರೆ. ಬೀದಿಯ ತುದಿಯಲ್ಲಿ ನಿಂತ ಶಿವಪ್ಪನಾಯಕನ ಪ್ರತಿಮೆಯನ್ನು ದಾಟಿ ಒಳಹೊಕ್ಕರೆ ಎರಡು ಬದಿಗೂ ಬಟ್ಟೆಯಂಗಡಿ, ಬಳೆಯಂಗಡಿ, ಚಿನ್ನಬೆಳ್ಳಿಯ ಅಂಗಡಿ, ಹೂವು ಹಣ್ಣುಗಳ ಬುಟ್ಟಿ. ಮಾರಿಜಾತ್ರೆಯ ಕಾಲದಲ್ಲಿ ದೇವಿಯ ತವರುಮನೆಯಾಗುವ ಬೀದಿ ಇದು. ಇಲ್ಲಿಂದ ಅವಳನ್ನು ಕೋಟೆಯ ಗದ್ದುಗೆಗೆ ಮೆರವಣಿಗೆಯಲ್ಲಿ ಕರೆದೊಯ್ಯುತ್ತಾರೆ. ಆ ದಾರಿಯನ್ನೇ ಹಿಡಿದು ಕೋಟೆಯ ಕಡೆಗೆ ನಡೆದರೆ ಗದ್ದಲ ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತದೆ, ತುಂಗೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತದೆ. ಅಲ್ಲಿ ಹೊಳೆಯ ಮಗ್ಗುಲಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆಯಿದೆ. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ.

ರಜೆಯ ದಿನ ಅಲ್ಲಿಗೆ ಬರುವ ಸಂಸಾರಗಳು ಸಾಮಾನ್ಯವಾಗಿ ನೇರವಾಗಿ ಅರಮನೆಯ ಮರದ ಕಂಬಗಳ ಕಡೆಗೆ ಹೋಗುತ್ತವೆ. ಕಂಬದ ಸುತ್ತಳತೆಗೆ ಮಕ್ಕಳು ತೋಳು ಚಾಚಿ ನೋಡುತ್ತಾರೆ. ಯಜಮಾನರು ಮಾಳಿಗೆಯನ್ನು ತೋರಿಸಿ ಕೆಳದಿಯ ಅರಸರ ವಿಚಾರವಾಗಿ ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಳ್ಳುತ್ತಾರೆ. ಹೊರಗೆ ಅಂಗಳದಲ್ಲಿ, ಹುಲ್ಲಿನ ನಡುವೆ, ಬಿಸಿಲು ಮಳೆಗಳಿಗೆ ಮೈಯೊಡ್ಡಿ ಸಾಲಾಗಿ ನಿಂತ ಕಲ್ಲುಗಳ ಬಳಿ ನಿಲ್ಲುವವರು ಕಡಿಮೆ. ನಿಲ್ಲುವವರು ಹೆಚ್ಚಾಗಿ ಮಕ್ಕಳು. ಏಕೆಂದರೆ ಕಲ್ಲಿನಲ್ಲಿ ಚಿತ್ರವಿದೆ.

“ಅಪ್ಪ, ಇದು ಯಾವ ದೇವರು?” ಎಂದು ಮಗು ಕೇಳುತ್ತದೆ.

“ಯಾವುದೋ ಹಳೆಯ ಕಾಲದ್ದಮ್ಮ. ಬಾ, ಹೊತ್ತಾಯಿತು” ಎಂದು ತಂದೆ ಕೈಹಿಡಿದು ಎಳೆಯುತ್ತಾನೆ.

ತಂದೆಯ ಮೇಲೆ ದೋಷ ಹೊರಿಸಬೇಕಾದುದಿಲ್ಲ. ಅವನಿಗೂ ಚಿಕ್ಕಂದಿನಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರವಿದೆ. ಉತ್ತರ ಕಲ್ಲಿನ ಮೇಲೆಯೇ ಇದೆ. ಅದು ದೇವರಲ್ಲ. ಒಂದು ಊರಿಗಾಗಿ ಸತ್ತ ಮನುಷ್ಯ. ಅದರ ಹೆಸರು ವೀರಗಲ್ಲು.

ವೀರಗಲ್ಲನ್ನು ಓದುವುದಕ್ಕೆ ಹಳಗನ್ನಡದ ಪಾಂಡಿತ್ಯವೇನೂ ಬೇಡ, ಕಣ್ಣು ಸಾಕು. ಆದರೆ ಅದನ್ನು ಪುಸ್ತಕದ ಹಾಗೆ ಮೇಲಿನಿಂದ ಕೆಳಕ್ಕೆ ಓದದೆ, ಮೆಟ್ಟಿಲು ಹತ್ತುವ ಹಾಗೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತುಗಳಿರುತ್ತವೆ. ಕೆಳಗಿನ ಅಂತಸ್ತಿನಲ್ಲಿ ಕಾಳಗ. ಒಬ್ಬನು ಬಿಲ್ಲನ್ನೋ ಕತ್ತಿ ಗುರಾಣಿಗಳನ್ನೋ ಹಿಡಿದು ಹಲವರನ್ನು ಎದುರಿಸಿದ್ದಾನೆ. ಅವನ ಆಕಾರ ಉಳಿದವರಿಗಿಂತ ದೊಡ್ಡದು. ಕಾಲಬಳಿ ಬಿದ್ದ ಹೆಣಗಳು, ಕೆಲವೆಡೆ ಕುದುರೆ, ಅನೇಕ ಕಲ್ಲುಗಳಲ್ಲಿ ಒತ್ತೊತ್ತಾಗಿ ನಿಂತ ದನಗಳು. ನಡುವಿನ ಅಂತಸ್ತಿನಲ್ಲಿ ಅದೇ ಮನುಷ್ಯ. ಆದರೆ ಕೈಯಲ್ಲಿ ಆಯುಧವಿಲ್ಲ. ಇಬ್ಬರು ಅಪ್ಸರೆಯರು ಇಕ್ಕೆಲದಲ್ಲಿ ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಅವನು ಸ್ವರ್ಗದಲ್ಲಿ ಕುಳಿತಿದ್ದಾನೆ. ಶೈವನಾದರೆ ಎದುರಿಗೆ ಲಿಂಗ, ನಂದಿ, ಪೂಜೆ ಮಾಡುವ ಗುರು, ಜೈನನಾದರೆ ಜಿನಬಿಂಬ. ಎಲ್ಲಕ್ಕೂ ಮೇಲೆ ಸೂರ್ಯ ಮತ್ತು ಚಂದ್ರ. ಅವು ಅಲಂಕಾರಕ್ಕಾಗಿ ಕೊರೆದವಲ್ಲ. ಸೂರ್ಯಚಂದ್ರರಿರುವವರೆಗೂ ಈ ನೆನಪು ಇರಲಿ ಎಂದು ಊರು ಹಾಕಿದ ರುಜು ಅದು.

ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಒಮ್ಮೊಮ್ಮೆ ಬರಹವಿರುತ್ತದೆ. ಯಾವ ಅರಸನು ಆಳುತ್ತಿದ್ದನು, ಯಾವ ವರ್ಷ, ಯಾವ ಊರು, ಯಾರ ಮಗ, ಯಾವ ಕಾರಣಕ್ಕೆ ಹೋರಾಡಿ ಸತ್ತನು, ಕಲ್ಲನ್ನು ನಿಲ್ಲಿಸಿದವರು ಯಾರು: ಇಷ್ಟು. ಅರಸನ ಬಿರುದುಗಳು ಮೂರು ಸಾಲು ಹಿಡಿದರೆ ಸತ್ತವನ ಕಥೆಗೆ ಒಂದು ಸಾಲು ಉಳಿಯುವುದೂ ಉಂಟು. ಆದರೂ ಕಲ್ಲು ನಿಂತಿರುವುದು ಆ ಒಂದು ಸಾಲಿಗಾಗಿ.

ಕಾಳಗದ ಕಾರಣಗಳನ್ನು ಹೇಳುವುದಕ್ಕೆ ಶಾಸನಗಳಲ್ಲಿ ಪ್ರತ್ಯೇಕ ಶಬ್ದಗಳೇ ಇವೆ. ದನಗಳನ್ನು ಅಟ್ಟಿಕೊಂಡು ಹೋಗುವವರೊಡನೆ ಮಾಡಿದ ಹೋರಾಟ ‘ತುರುಗೋಳ್’. ಹೆಣ್ಣುಮಕ್ಕಳ ಮೇಲೆ ಕೈಮಾಡಿದವರನ್ನು ತಡೆಯಲು ಹೋದಾಗಿನದು ‘ಪೆಣ್ಬುಯ್ಯಲ್’. ಊರನ್ನೇ ಹಾಳುಮಾಡಲು ಬಂದವರಿಗೆ ಅಡ್ಡ ನಿಂತದ್ದು ‘ಊರಳಿವು’. ಈ ಶಬ್ದಗಳನ್ನು ಗಮನಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇವು ದೊರೆಗಳು ದಿಗ್ವಿಜಯಕ್ಕೆ ಹೊರಟ ಯುದ್ಧಗಳ ಹೆಸರುಗಳಲ್ಲ. ಹಟ್ಟಿ, ಹಿತ್ತಿಲು, ಹೊಲದ ಬದುವಿನ ಯುದ್ಧಗಳ ಹೆಸರುಗಳು.

ದನ ಹಿಡಿದರೆ ಅದಕ್ಕಾಗಿ ಪ್ರಾಣ ಕೊಡಬೇಕೆ ಎಂದು ಇಂದಿನವರಿಗೆ ಅನ್ನಿಸಬಹುದು. ಆದರೆ ಆ ಕಾಲದ ಒಕ್ಕಲಿಗನಿಗೆ ದನವೆಂದರೆ ಉಳುಮೆ, ಹಾಲು, ಗೊಬ್ಬರ, ಸಾಗಾಣಿಕೆ, ಮಗಳ ಮದುವೆ ಎಲ್ಲವೂ ಆಗಿತ್ತು. ಒಂದು ಊರಿನ ಮಂದೆಯನ್ನು ಹೊಡೆದುಕೊಂಡು ಹೋದರೆ ಮುಂದಿನ ಮಳೆಗಾಲದಲ್ಲಿ ಆ ಊರು ಉಪವಾಸ. ಅದಕ್ಕಾಗಿಯೇ ಶತ್ರುವನ್ನು ಕೆಣಕುವುದಕ್ಕೆ ಗೋಗ್ರಹಣ ಮೊದಲ ಹೆಜ್ಜೆಯಾಗಿತ್ತು. ವಿರಾಟಪರ್ವದ ಕಥೆ ಎಲ್ಲರಿಗೂ ಗೊತ್ತಿದೆ. ಅಲ್ಲಿ ಹೆದರಿ ಓಡಿದ ಉತ್ತರಕುಮಾರನನ್ನು ಹಿಡಿದು ತಂದು ತಾನೇ ಬಿಲ್ಲು ಹಿಡಿಯುವುದಕ್ಕೆ ಬೃಹನ್ನಳೆಯಿದ್ದಳು. ಊರಗೌಡನ ಮಗನಿಗೆ ಅಂಥ ಬೃಹನ್ನಳೆ ಯಾರೂ ಇರಲಿಲ್ಲ. ದನ ಹೋಯಿತೆಂಬ ಕೂಗು ಕೇಳಿದಾಗ ಕೈಗೆ ಸಿಕ್ಕ ಆಯುಧ ಹಿಡಿದು ಓಡಿದನು. ದನ ಹಿಂದಿರುಗಿತು, ಅವನು ಹಿಂದಿರುಗಲಿಲ್ಲ. ಉಳಿದ ಊರು ಕಲ್ಲುಕುಟಿಗನನ್ನು ಕರೆಸಿತು.

ಶಿವಮೊಗ್ಗ ಜಿಲ್ಲೆಯಲ್ಲಿ ಇಂಥ ಕಲ್ಲುಗಳು ವಿಶೇಷವಾಗಿ ಹೆಚ್ಚು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ಈ ಒಂದು ಜಿಲ್ಲೆಗೆ ಎರಡು ಸಂಪುಟಗಳೇ ಬೇಕಾದವು; ಒಂದು ೧೯೦೨ರಲ್ಲಿ, ಇನ್ನೊಂದು ೧೯೦೪ರಲ್ಲಿ ಹೊರಬಂದಿತು. ಸೊರಬ, ಶಿಕಾರಿಪುರ ತಾಲ್ಲೂಕುಗಳ ಪುಟಗಳನ್ನು ತಿರುವಿಹಾಕಿದರೆ ಯಾವನೋ ಒಬ್ಬನು ಹೋರಾಡಿ ಸ್ವರ್ಗಸ್ಥನಾದನೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಕಾರಣ ಭೂಗೋಳದಲ್ಲಿದೆ. ಬಳ್ಳಿಗಾವಿಯನ್ನು ರಾಜಧಾನಿಯಾಗಿ ಪಡೆದಿದ್ದ ಬನವಾಸಿ ಪನ್ನಿರ್ಚ್ಛಾಸಿರದ ಮೇಲೆ ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಕಳಚುರಿಗಳು, ಹೊಯ್ಸಳರು, ಸೇವುಣರು ಎಲ್ಲರಿಗೂ ಕಣ್ಣಿತ್ತು. ಅತ್ತ ಹೊಂಬುಜದ ಸಾಂತರರು. ಭತ್ತ ಬೆಳೆಯುವ ಬಯಲು, ಮೇಯಲು ಸಮೃದ್ಧವಾದ ಹುಲ್ಲು, ಅಡಗಿ ಬರಲು ಕಾಡು. ಗಡಿ ಮಾತ್ರ ಎಂದೂ ಒಂದೆಡೆ ನಿಲ್ಲಲಿಲ್ಲ. ಅರಸರು ಬದಲಾದಾಗಲೆಲ್ಲ ಊರಿನವರು ಬೆಲೆ ತೆತ್ತರು. ಆ ಬೆಲೆಯ ಪಟ್ಟಿಯೇ ಈ ಕಲ್ಲುಗಳು.

ಸಾಗರ ತಾಲ್ಲೂಕಿನ ಗದ್ದೆಮನೆಯ ವೀರಗಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಅದು ಬಹು ಪ್ರಾಚೀನವಾದುದು. ೭ನೆಯ ಶತಮಾನದ್ದೆಂದು ಹಲವರು ಹೇಳುತ್ತಾರೆ. ಅದರಲ್ಲಿ ಶೀಲಾದಿತ್ಯನೆಂಬ ಅರಸನ ಹೆಸರೂ, ಮಹೇಂದ್ರನೆಂಬವನ ಹೆಸರೂ ಬಂದಿವೆ. ಈ ಶೀಲಾದಿತ್ಯನು ಕನೋಜದ ಹರ್ಷವರ್ಧನನೇ ಎಂದು ಕೆಲವು ವಿದ್ವಾಂಸರು, ಅಲ್ಲವೆಂದು ಇನ್ನು ಕೆಲವರು ವಾದಿಸಿದ್ದಾರೆ. ಹರ್ಷನಾದರೆ ಇತಿಹಾಸದ ಪುಟವೊಂದನ್ನೇ ತಿದ್ದಬೇಕಾಗುತ್ತದೆ. ಆದುದರಿಂದ ವಾದ ಬಿರುಸಾಗಿ ನಡೆದದ್ದು ಸಹಜ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಶೀಲಾದಿತ್ಯನಿಗಾಗಿಯೂ ಅಲ್ಲ, ಮಹೇಂದ್ರನಿಗಾಗಿಯೂ ಅಲ್ಲ. ಪೆಟ್ಟಣಿ ಸತ್ಯಾಂಕನೆಂಬ ಯೋಧನಿಗಾಗಿ. ಕಾಳಗಕ್ಕೆ ನುಗ್ಗಿ ಹೋರಾಡಿ ಸತ್ತವನು ಅವನು. ಅವನು ಯಾರು ಎಂಬ ಬಗ್ಗೆ ವಾದವಿಲ್ಲ, ಏಕೆಂದರೆ ಬೇರೆ ಯಾವ ಗ್ರಂಥದಲ್ಲಿಯೂ ಅವನಿಗೆ ಎಡೆಯಿಲ್ಲ. ಅರಸರಿಗೆ ಇತಿಹಾಸವಿದೆ, ಸತ್ಯಾಂಕನಿಗೆ ಇರುವುದು ಆ ಕಲ್ಲೊಂದೇ.

ಇದು ಜಗತ್ತಿನ ಇತರ ಭಾಗಗಳೊಡನೆ ಹೋಲಿಸಿ ನೋಡಬೇಕಾದ ಸಂಗತಿ. ೧೯೧೪ರಿಂದ ೧೯೧೮ರವರೆಗೆ ನಡೆದ ಮಹಾಯುದ್ಧದ ತರುವಾಯ ಫ್ರಾನ್ಸ್, ಇಂಗ್ಲೆಂಡುಗಳ ಹಳ್ಳಿಹಳ್ಳಿಯಲ್ಲಿಯೂ ಸ್ಮಾರಕಗಳು ಎದ್ದವು. ಚೌಕದಲ್ಲಿ ಒಂದು ಕಂಬ. ಅದರ ಮೇಲೆ ಆ ಊರಿನಿಂದ ಹೋಗಿ ಹಿಂದಿರುಗದ ಪ್ರತಿಯೊಬ್ಬನ ಹೆಸರು. ಅದಕ್ಕೆ ಮೊದಲು ಯುರೋಪಿನಲ್ಲಿ ಯುದ್ಧಸ್ಮಾರಕವೆಂದರೆ ಹೆಚ್ಚಾಗಿ ಕುದುರೆಯೇರಿದ ಸೇನಾಪತಿಯ ಪ್ರತಿಮೆ, ರಾಜನ ವಿಜಯಸ್ತಂಭ. ಸಾಮಾನ್ಯ ಸಿಪಾಯಿಯ ಹೆಸರನ್ನು ಅವನ ಊರಿನಲ್ಲಿಯೇ ಕೊರೆಯಬೇಕೆಂಬ ಪದ್ಧತಿ ಅಲ್ಲಿ ವ್ಯಾಪಕವಾದುದು ಆಮೇಲೆ. ಕನ್ನಡನಾಡಿನ ಹಳ್ಳಿಗಳು ಅದನ್ನು ಸಾವಿರ ವರ್ಷಗಳಿಗೂ ಹಿಂದೆ ಮಾಡಿದ್ದವು.

ಬೆಂಗಳೂರಿನವರಿಗೆ ತಮ್ಮ ಊರಿನ ಹೆಸರು ಎಷ್ಟು ಹಳೆಯದೆಂಬ ಕುತೂಹಲ ಯಾವಾಗಲೂ ಇದೆ. ಅದಕ್ಕೆ ಉತ್ತರ ಕೊಟ್ಟದ್ದು ಬೇಗೂರಿನ ಶಾಸನ. ಸುಮಾರು ೮೯೦ರ ಕಾಲದ ಆ ಕಲ್ಲಿನಲ್ಲಿ, ನಾಗತ್ತರನೆಂಬವನ ಮನೆಯವರು ‘ಬೆಂಗಳೂರ ಕಾಳಗ’ದಲ್ಲಿ ಮಡಿದ ಸುದ್ದಿಯಿದೆ. ಇಂದು ಕೋಟಿಗಟ್ಟಲೆ ಜನರ ನಾಲಿಗೆಯ ಮೇಲಿರುವ ಹೆಸರು ಅಷ್ಟು ಹಿಂದಿನಿಂದ ಉಳಿದು ಬಂದುದು ಯಾವ ಅರಸನ ಪಟ್ಟಾಭಿಷೇಕದ ದೆಸೆಯಿಂದಲೂ ಅಲ್ಲ, ಒಂದು ಮನೆಯ ಸಾವಿನ ದೆಸೆಯಿಂದ. ಅದೇ ನಗರದ ಹೆಬ್ಬಾಳದಲ್ಲಿ ೨೦೧೮ರಲ್ಲಿ ಮಣ್ಣಿನಡಿಯಿಂದ ಮತ್ತೊಂದು ವೀರಗಲ್ಲು ಹೊರಬಂದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ೭೫೦ರದ್ದು. ಹೊರಗಿನಿಂದ ಬಂದ ದಾಳಿಯನ್ನು ಎದುರಿಸಿ ಸತ್ತ ಕಿತ್ತಯ್ಯನೆಂಬವನ ಕಲ್ಲು. ಮೋಟಾರುಗಳು ಹಗಲಿರುಳು ಹರಿಯುವ ಆ ಪ್ರದೇಶವನ್ನು ಕಾಯಲು ಹೋಗಿ ಒಬ್ಬನು ಪ್ರಾಣ ಬಿಟ್ಟಿದ್ದನೆಂಬುದು ಸಾವಿರದ ಇನ್ನೂರು ವರ್ಷಗಳ ಮೇಲೆ ಅಲ್ಲಿಯ ಜನಕ್ಕೆ ತಿಳಿಯಿತು.

ಇಷ್ಟಾದರೂ ವೀರಗಲ್ಲನ್ನು ಬರಿಯ ಶೌರ್ಯದ ಗುರುತೆಂದು ತಿಳಿದರೆ ಅದರ ಅರ್ಧ ಮಾತ್ರ ಕಂಡಂತಾಯಿತು. ಇನ್ನರ್ಧ ಲೆಕ್ಕಾಚಾರದ ವಿಷಯ.

ಸತ್ತವನಿಗೆ ಸ್ವರ್ಗ ಸಿಕ್ಕಿತು. ಅವನ ಹೆಂಡತಿ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ಹಿಂದಿನವರು ಮರೆಯಲಿಲ್ಲ. ವೀರನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಅದಕ್ಕೆ ‘ಕಲ್ನಾಡು’ ಎಂದೂ, ‘ನೆತ್ತರುಗೊಡಗೆ’ ಎಂದೂ ಹೆಸರು. ‘ಬಾಳ್ಗಳ್ಚು’ ಎಂಬುದು ಇನ್ನೊಂದು ಶಬ್ದ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ರಕ್ತವಾದ ಕತ್ತಿಯನ್ನು ತೊಳೆದು ಕೊಡುವ ಕೊಡುಗೆ. ಕನ್ನಡದ ಪ್ರಾಚೀನ ಶಾಸನವೆಂದು ಮಕ್ಕಳೆಲ್ಲ ಬಾಯಿಪಾಠ ಮಾಡುವ ಹಲ್ಮಿಡಿ ಶಾಸನ, ಸುಮಾರು ೪೫೦ರದ್ದು, ಹೇಳುವುದೂ ಇದನ್ನೇ: ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ವಿಚಾರ. ಕನ್ನಡ ಭಾಷೆ ಶಾಸನದ ಕಲ್ಲಿನ ಮೇಲೆ ಮೊದಮೊದಲು ಆಡಿದ ಮಾತುಗಳಲ್ಲಿ ಹೋರಾಡಿದವನಿಗೆ ಸಲ್ಲಬೇಕಾದುದು ಸಂದಿತೆಂಬ ಮಾತೂ ಒಂದು ಎಂಬುದು ಎಷ್ಟು ಜನರ ಗಮನಕ್ಕೆ ಬಂದಿದೆಯೋ!

ಹೀಗೆ ನೋಡಿದರೆ, ದಾನದ ವಿವರವನ್ನು ಹೊತ್ತ ವೀರಗಲ್ಲು ಸ್ಮಾರಕವೂ ಹೌದು, ಪತ್ರವೂ ಹೌದು. ಗದ್ದೆ ಯಾವುದು, ಎಷ್ಟು, ಯಾರಿಗೆ ಎಂದು ಬರೆದು ಕೆರೆಯ ಏರಿಯ ಮೇಲೆ ಅಥವಾ ದೇವಸ್ಥಾನದ ಎದುರಿಗೆ ನೆಟ್ಟರೆ ಅದನ್ನು ಹರಿದುಹಾಕುವಂತಿಲ್ಲ, ಸುಡುವಂತಿಲ್ಲ, ಇಲ್ಲವೆನ್ನುವಂತಿಲ್ಲ. ಪ್ರತಿದಿನ ನೀರಿಗೆ ಹೋಗುವವರೆಲ್ಲ ಅದಕ್ಕೆ ಸಾಕ್ಷಿ. ಕೊನೆಯಲ್ಲಿ ಶಾಪದ ಮಾತು: ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗಲಿ. ಓದಿದವರಿಗೆ ನಗು ಬರಬಹುದು. ಆದರೆ ತಂದೆ ಸತ್ತ ಮನೆಯ ಹೊಲಕ್ಕೆ ನೆರೆಯವನು ಬೇಲಿ ಒತ್ತುವುದು ಇಂದಿಗೂ ನಡೆಯುವ ಸಂಗತಿಯೇ. ಶಾಪ ಹಾಕಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈ ವಿಷಯದಲ್ಲಿ ಎಲ್ಲಕ್ಕಿಂತ ಸೊಗಸಾದುದು. ೯೪೯ರಲ್ಲಿ ತಕ್ಕೋಲದ ಯುದ್ಧ ಗೆದ್ದ ಸಂತೋಷದಲ್ಲಿ ಗಂಗರ ಬೂತುಗನು ತನ್ನ ವೀರ ಮಣಲೆರನಿಗೆ ಬೇಕಾದುದನ್ನು ಕೇಳೆಂದನಂತೆ. ಮಣಲೆರನು ಹಣ ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರನು ಊರಿನ ದೇವಸ್ಥಾನದೆದುರು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಅಷ್ಟಕ್ಕೇ ಬಿಡಲಿಲ್ಲ, ಆ ಭೂಮಿಯನ್ನು ಅನುಭವಿಸುವ ಪೂಜಾರಿ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟಲೆಂದು ಬರೆಯಿಸಿದನು! ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಋಣವನ್ನೂ ಮರೆಯಬಾರದೆಂದ ಆ ಮಾತಿನಲ್ಲಿ ವೀರಗಲ್ಲುಗಳ ಒಟ್ಟು ತತ್ತ್ವವೇ ಅಡಗಿದೆ. ಕಲ್ಲು ನೆಟ್ಟರೆ ಕೆಲಸ ಮುಗಿಯಲಿಲ್ಲ; ಅನ್ನ ತಿನ್ನುವವನಿಗೆ ದಿನವೂ ಒಂದು ಕರ್ತವ್ಯ ಉಂಟು.

ಇದರಲ್ಲಿ ಎಲ್ಲವೂ ಕೊಂಡಾಡತಕ್ಕದ್ದೆಂದು ಹೇಳುವಂತಿಲ್ಲ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ ಎಂಬ ಆಸೆ ತೋರಿಸಿ ತರುಣರನ್ನು ತಮ್ಮ ತಮ್ಮ ಜಗಳಗಳಿಗೆ ಕಳುಹಿಸಿದ ಅರಸರೂ ಇದ್ದರು. ವೀರಗಲ್ಲಿನ ಪಕ್ಕದಲ್ಲಿಯೇ ಕೆಲವೆಡೆ ಮಾಸ್ತಿಗಲ್ಲು ನಿಂತಿರುತ್ತದೆ. ಮಡಿಸಿದ ತೋಳು, ಮೇಲಕ್ಕೆತ್ತಿದ ಅಂಗೈ, ಮುಂಗೈಯಲ್ಲಿ ಒಡೆಯದ ಬಳೆ. ಗಂಡನ ಚಿತೆಯೇರಿದ ಹೆಣ್ಣಿನ ಗುರುತು ಅದು. ಅವಳಿಗೆ ಕಲ್ಲು ಸಿಕ್ಕಿತು, ಬದುಕು ಸಿಕ್ಕಲಿಲ್ಲ. ಆ ಬಳೆಯ ಮುಂದೆ ನಿಂತಾಗ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗುತ್ತದೆ, ಆಗಬೇಕಾದುದೂ ಹಾಗೆಯೇ. ಹಿಂದಿನವರ ಋಣವನ್ನು ಒಪ್ಪಿಕೊಳ್ಳುವುದೆಂದರೆ ಅವರ ತಪ್ಪನ್ನು ಒಪ್ಪಿಕೊಳ್ಳುವುದೆಂದಲ್ಲ.

ಊರಿಗಾಗಿ ಸಾಯುವುದು, ಸತ್ತವರಿಗೆ ಊರು ಕಲ್ಲು ನೆಡುವುದು, ಇವೆಲ್ಲ ಹಳೆಯ ಕಾಲಕ್ಕೇ ಮುಗಿದುಹೋದುವೆಂದು ತಿಳಿದವರು ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಹೋಗಬೇಕು. ಬಳ್ಳಿಗಾವಿ, ತಾಳಗುಂದಗಳಿರುವ ತಾಲ್ಲೂಕೇ ಅದು. ೧೯೪೨ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕರೆ ದೇಶದಲ್ಲೆಲ್ಲ ಮೊಳಗಿದಾಗ ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿತು. ಸೆಪ್ಟೆಂಬರಿನಲ್ಲಿ ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿತು. ಊರಿನ ಹುಡುಗರಿಬ್ಬರಲ್ಲಿ ಒಬ್ಬನನ್ನು ಅಮಲ್ದಾರನೆಂದೂ ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರನೆಂದೂ ಹೆಸರಿಸಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷ ಜಿಲ್ಲೆಯಲ್ಲೆಲ್ಲ ಹಬ್ಬಿತು.

ಮಕ್ಕಳಾಟದಂತೆ ತೋರಿದ ಆ ಸಂಭ್ರಮ ಮೂರೇ ದಿನಗಳಲ್ಲಿ ರಕ್ತದಲ್ಲಿ ಮುಗಿಯಿತು. ಸೆಪ್ಟೆಂಬರ್ ೨೮ರಂದು ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಊರಿಗೆ ಬಂದರು. ಮಾತಿಗೆ ಮಾತು ಬೆಳೆಯಿತು, ಗಲಭೆಯಾಯಿತು, ಆ ಇಬ್ಬರು ಅಧಿಕಾರಿಗಳೂ ಕೊಲೆಯಾದರು. ಬಳಿಕ ಪೊಲೀಸರು ಮತ್ತು ಸೈನಿಕರು ಬಂದು ಊರಿನ ಮೇಲೆ ಬಿದ್ದರು. ಮನೆಗಳು ಸುಟ್ಟವು, ಜನರು ಕಾಡಿಗೆ ಓಡಿದರು, ಹಿಡಿದವರನ್ನು ಹಿಡಿದಂತೆ ಸೆರೆಮನೆಗೆ ತಳ್ಳಲಾಯಿತು. ವಿಚಾರಣೆ ನಡೆದು, ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ೧೯೪೩ರ ಮಾರ್ಚಿ ೮, ೯, ೧೦ರಂದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಂಗಸರೂ ಶಿಕ್ಷೆ ಅನುಭವಿಸಿದರು. ಗಾಂಧಿಯವರ ಹೆಸರಿನಲ್ಲಿ ಆರಂಭವಾದುದು ಗಾಂಧಿಯವರು ಬಯಸದ ಕಡೆಗೆ ಹರಿಯಿತೆಂಬುದು ನಿಜ. ಸತ್ತ ಅಧಿಕಾರಿಗಳಿಬ್ಬರೂ ಇದೇ ನಾಡಿನ ಮಕ್ಕಳು. ಆ ಮನೆಗಳಲ್ಲಿಯೂ ಅಂದು ದೀಪ ಹತ್ತಲಿಲ್ಲ. ಈಸೂರಿನ ಕಥೆ ಹೇಳುವವರು ಇದನ್ನು ಬಿಟ್ಟು ಹೇಳಿದರೆ ಕಥೆ ಸರಾಗವಾದೀತು, ಪೂರ್ಣವಾಗದು.

ಈಸೂರಿನಲ್ಲಿ ಹುತಾತ್ಮರ ಸ್ಮಾರಕವಿದೆ. ಅಪ್ಸರೆಯರಿಲ್ಲ, ಸೂರ್ಯಚಂದ್ರರಿಲ್ಲ, ಹೆಸರುಗಳಿವೆ. ಆದರೂ ಅದು ಗದ್ದೆಮನೆಯ ಕಲ್ಲಿನ ವಂಶದ್ದೇ. ಅರಸನು ನೆಟ್ಟ ವಿಜಯಸ್ತಂಭಕ್ಕೂ ಊರು ನೆಟ್ಟ ಕಲ್ಲಿಗೂ ಇರುವ ಅಂತರ ಇದು: ವಿಜಯಸ್ತಂಭ ಗೆಲವನ್ನು ಎಣಿಸುತ್ತದೆ, ಊರ ಕಲ್ಲು ನಷ್ಟವನ್ನು ಎಣಿಸುತ್ತದೆ. ದೇಶಕ್ಕೆ ೧೯೪೭ರಲ್ಲಿ ಸ್ವಾತಂತ್ರ್ಯ ಬಂದಿತೆಂದು ಚರಿತ್ರೆ ಬರೆದುಕೊಂಡಿತು. ಅದು ಬಂದಾಗ ಆ ಐವರು ಊರಿನಲ್ಲಿರಲಿಲ್ಲವೆಂದು ಈಸೂರು ಬರೆದುಕೊಂಡಿತು. ಎರಡೂ ಇತಿಹಾಸವೇ. ಮೊದಲನೆಯದು ಪುಸ್ತಕಗಳಲ್ಲಿ ಭದ್ರವಾಗಿದೆ. ಎರಡನೆಯದಕ್ಕೆ ಊರಿನವರೇ ಕಾವಲು.

ಆ ಕಾವಲು ತಪ್ಪಿದರೆ ಏನಾಗುವುದೆಂಬುದನ್ನು ಹಳೆಯ ವೀರಗಲ್ಲುಗಳ ಪಾಡಿನಲ್ಲಿ ಕಾಣಬಹುದು. ಕೆಲವು ದೇವರಾಗಿ ಎಣ್ಣೆ ಅರಿಸಿನಗಳ ಅಡಿಯಲ್ಲಿ ಹೂತುಹೋದುವು. ಅವು ಪುಣ್ಯವಂತ ಕಲ್ಲುಗಳು. ಹೆಸರು ಮರೆತರೂ ಮರ್ಯಾದೆ ಉಳಿಯಿತು. ಇನ್ನು ಕೆಲವು ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಹಾಸುಗಲ್ಲಾದುವು, ಚರಂಡಿಗೆ ಮುಚ್ಚಳವಾದುವು, ಹೊಸ ಮನೆಯ ತಳಪಾಯಕ್ಕೆ ಹೋದುವು. ಯಾರೂ ದ್ವೇಷದಿಂದ ಹಾಗೆ ಮಾಡಿದುದಲ್ಲ. ಏನೆಂದು ಹೇಳುವವರಿರಲಿಲ್ಲ, ಅಷ್ಟೆ. ಹೇಳುವವರು ಒಂದು ತಲೆಮಾರು ಸುಮ್ಮನಾದರೆ ಶಾಸನವೂ ಚಪ್ಪಡಿಯೇ.

ಶಿವಮೊಗ್ಗದ ಅರಮನೆಯ ಅಂಗಳಕ್ಕೆ ಬಂದ ಕಲ್ಲುಗಳು ಅಂಥ ಗತಿಯಿಂದ ತಪ್ಪಿಸಿಕೊಂಡುವು. ಅದಕ್ಕಾಗಿ ಅವನ್ನು ತಂದಿರಿಸಿದವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಉಳಿದುದರ ಜೊತೆಗೆ ಒಂದು ಹೋಯಿತು. ಯಾವ ಕೆರೆಯ ಏರಿಯ ಮೇಲೆ ನಿಂತು ಯಾವ ಗದ್ದೆಯನ್ನು ಆ ಕಲ್ಲು ನೋಡುತ್ತಿತ್ತೋ ಆ ಗದ್ದೆ ಅದರ ಕಣ್ಣಿಗೆ ಈಗ ಬೀಳುವುದಿಲ್ಲ. ಸಾಧ್ಯವಾದಲ್ಲೆಲ್ಲ ಕಲ್ಲು ತನ್ನ ಊರಿನಲ್ಲಿಯೇ, ಊರಿನವರ ಆರೈಕೆಯಲ್ಲಿಯೇ ಇರುವುದು ಮೇಲು. ಅದಕ್ಕೆ ದೊಡ್ಡ ಹಣವೇನೂ ಬೇಡ. ಹಬ್ಬಕ್ಕೋ ಮದುವೆಗೋ ತಾತಂದಿರ ಊರಿಗೆ ಹೋಗುವ ನಗರವಾಸಿಗಳು ಒಂದು ಸಂಜೆ ಕೆರೆಯ ಏರಿಯ ಮೇಲೆ ನಡೆದು ನೋಡಬಹುದು. ಬಿದ್ದ ಕಲ್ಲು ಕಂಡರೆ ಶುದ್ಧ ನೀರು, ಮೆತ್ತನೆಯ ಬಟ್ಟೆ ಸಾಕು. ಬಣ್ಣ ಬಳಿಯಬಾರದು, ಉಳಿ ಸುತ್ತಿಗೆ ಮುಟ್ಟಿಸಬಾರದು, ಅಕ್ಷರದ ಮೇಲೆ ಸುಣ್ಣ ಎಳೆಯಬಾರದು. ಕಂಡ ಜಾಗವನ್ನು ಬರೆದಿಟ್ಟುಕೊಂಡು, ಚಿತ್ರ ತೆಗೆದು, ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಿಳಿಸಿದರೆ ಅದು ದೊಡ್ಡ ಉಪಕಾರ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ನೂರಾರು ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಯಂತ್ರದ ಸಹಾಯದಿಂದ ಮಾಡಿಟ್ಟಿದ್ದಾರೆ. ಸವೆದ ಅಕ್ಷರಗಳೂ ಅದರಲ್ಲಿ ಮತ್ತೆ ತಲೆಯೆತ್ತುತ್ತವೆ. ಯಂತ್ರ ಅಕ್ಷರವನ್ನು ಉಳಿಸೀತು. ಅದು ಯಾರ ಹೆಸರು, ಅವನಿಗೂ ತಮಗೂ ಏನು ಸಂಬಂಧ ಎಂದು ಹೇಳುವ ಕೆಲಸ ಮಾತ್ರ ಮನೆಯವರದು.

ಸೂರ್ಯ ಇಳಿಯುವ ಹೊತ್ತಿಗೆ ಅರಮನೆಯ ಬಾಗಿಲು ಮುಚ್ಚುತ್ತದೆ. ಸಂಸಾರಗಳು ಮತ್ತೆ ಗಾಂಧಿ ಬಜಾರಿನ ಕಡೆಗೆ ಹೊರಡುತ್ತವೆ. ಅಂಗಡಿಗಳ ದೀಪ ಹೊತ್ತುತ್ತವೆ, ಮಾರಾಟ ಬಿರುಸಾಗುತ್ತದೆ, ಯಾರಿಗೂ ಯಾವ ದಾಳಿಯ ಭಯವೂ ಇಲ್ಲ. ಒಂದು ಊರು ನಿರ್ಭಯವಾಗಿ ಸಂಜೆಯ ವ್ಯಾಪಾರ ಮಾಡಲೆಂದು ಹಿಂದೆ ಯಾರೋ ಹಿಂದಿರುಗಿ ಬಾರದೆ ಹೋದರು. ಬೀದಿಯ ಗದ್ದಲಕ್ಕೆ ಅದರ ನೆನಪಿಲ್ಲ, ಇರಬೇಕೆಂದೂ ಇಲ್ಲ. ಆದರೆ ಅಂಗಳದಲ್ಲಿ ಮಗು ಕೇಳಿದ ಪ್ರಶ್ನೆ ಹಾಗೆಯೇ ಉಳಿದಿದೆ. ಮುಂದಿನ ಸಲ ಅದು ಕೈಹಿಡಿದು ನಿಲ್ಲಿಸಿದಾಗ ತಂದೆಗೆ ಎರಡು ನಿಮಿಷದ ಬಿಡುವಿದ್ದರೆ ಸಾಕು. ಕೆಳಗಿನ ಅಂತಸ್ತಿನ ಮೇಲೆ ಬೆರಳಿಟ್ಟು ಅವನು ಹೀಗೆ ಆರಂಭಿಸಬಹುದು:

“ಇವನು ದೇವರಲ್ಲ ಮಗು, ಯಾರೋ ಒಬ್ಬರ ಮನೆಯ ಮಗ. ಇಲ್ಲಿ ನೋಡು, ಇವು ಅವನ ಊರಿನ ದನ.”